ಅಪ್ಪ ಕೂಡಿದ ಲೆಕ್ಕ

ನಮ್ಮ ಮನೆಯ ಹಜಾರದ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ಅದು ಆನ್ ಆಗದೆ ಆರು ವರ್ಷವಾಯಿತು. ಅಮ್ಮ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಾರೆ. ಬಟ್ಟೆಯ ಮೇಲೆ ಪಂಚಾಂಗ, ಟಾರ್ಚು, ಕರೆಂಟ್ ಬಿಲ್ಲು. ಮನೆಗೆ ಬಂದವರಿಗೆ ಅದೊಂದು ಸಣ್ಣ ಮೇಜಿನ ಹಾಗೆ ಕಾಣುತ್ತದೆ.

ಈ ಸಲದ ಮಳೆಗೆ ಆ ಮೂಲೆಯ ಗೋಡೆ ತೇವ ಹಿಡಿಯಿತು. ಎಲ್ಲ ಸರಿಸಬೇಕಾಯಿತು. ಸಿಪಿಯು ಎತ್ತಿ ನೋಡಿದರೆ ಹಿಂಬದಿಗೆಲ್ಲ ಬಿಳಿ ಬೂಷ್ಟು. ಕೊಡಗಿನ ಐಗೂರು, ಸೋಮವಾರಪೇಟೆ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ಬೆನ್ನಿಗೆ, ಮದುವೆ ಆಲ್ಬಮ್ಮಿಗೆ, ಎಲ್ಲಕ್ಕೂ ಬೂಷ್ಟು ಬರುತ್ತದೆ.

"ಇದನ್ನ ಗುಜರಿಗೆ ಕೊಟ್ಟುಬಿಡೋಣ್ವಾ ಅಮ್ಮಾ?" ಅಂದೆ.

ಅಮ್ಮ ಒಲೆ ಮುಂದಿನಿಂದಲೇ, "ನಿಮ್ಮಪ್ಪನ ಲೆಕ್ಕ ಅದರೊಳಗೇ ಇದೆಯಲ್ಲ" ಅಂದರು.

ಅಪ್ಪ ತೀರಿಕೊಂಡಿದ್ದು 2019ರ ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ. ಆ ಗಡಿಬಿಡಿಯಲ್ಲಿ ಯಾರೂ ಕಂಪ್ಯೂಟರ್ ಕಡೆ ನೋಡಲಿಲ್ಲ. ನೋಡುವ ಹೊತ್ತಿಗೆ ಅದು ಕೆಟ್ಟಿತ್ತು. ತೋಟದ ಲೆಕ್ಕವನ್ನು ನಾನು ಮೊಬೈಲಿನಲ್ಲಿ ಹೊಸದಾಗಿ ಶುರು ಮಾಡಿದೆ. ಹಳೆಯದು ಒಳಗೇ ಉಳಿಯಿತು.

ಸೋಮವಾರಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನ ಹತ್ತಿರ ತೆಗೆದುಕೊಂಡು ಹೋದೆ. ಅವನು ಹಾರ್ಡ್ ಡಿಸ್ಕ್ ಬಿಚ್ಚಿ, ಒಂದು ಅಡಾಪ್ಟರ್ ಸಿಕ್ಕಿಸಿ, ತನ್ನ ಲ್ಯಾಪ್‌ಟಾಪಿಗೆ ಹಾಕಿದ. "ಮದರ್‌ಬೋರ್ಡ್ ಹೋಗಿದೆ ಅಕ್ಕ, ಡಿಸ್ಕ್ ಚೆನ್ನಾಗಿದೆ" ಅಂದ. ಹತ್ತೇ ನಿಮಿಷದ ಕೆಲಸ. ಈ ಹತ್ತು ನಿಮಿಷಕ್ಕೆ ನಾನು ಆರು ವರ್ಷ ತೆಗೆದುಕೊಂಡೆ ಅನ್ನೋದು ಮನಸ್ಸಿಗೆ ಚುಚ್ಚಿತು.

ಮೈ ಡಾಕ್ಯುಮೆಂಟ್ಸ್ ಒಳಗೆ 'ತೋಟ' ಅಂತ ಒಂದು ಫೋಲ್ಡರ್. ಅದರಲ್ಲಿ 31 ಎಕ್ಸೆಲ್ ಫೈಲು. ಎಲ್ಲ ಸೇರಿಸಿದರೂ ಎರಡು ಎಂಬಿ ಇಲ್ಲ. ಈಗಿನ ಮೊಬೈಲಿನ ಒಂದು ಫೋಟೋ ಅದಕ್ಕಿಂತ ದೊಡ್ಡದು. ಹದಿನೇಳು ವರ್ಷದ ತೋಟ, ಕೂಲಿ, ಗೊಬ್ಬರ, ಮಳೆ, ಸಾಲ ಎಲ್ಲ ಅಷ್ಟರೊಳಗೆ.

ಮೊದಲ ಫೈಲುಗಳನ್ನು ಟೈಪ್ ಮಾಡಿದ್ದು ನಾನೇ.

2001ರ ಕೊನೆಯಲ್ಲಿ ಮೈಸೂರಿನ ಮಾವ ತಮ್ಮ ಆಫೀಸಿನ ಹಳೆಯ ಕಂಪ್ಯೂಟರನ್ನು ನಮಗೆ ಕೊಟ್ಟರು. ಅಪ್ಪ ಅದನ್ನು ಬೇಕು ಅಂದಿದ್ದಕ್ಕೆ ಕಾರಣ ಗೆದ್ದಲು. ಅವರ ಲೆಕ್ಕದ ಪುಸ್ತಕಗಳು ಅಟ್ಟದ ಮೇಲೆ ಟ್ರಂಕಿನಲ್ಲಿದ್ದವು. ಒಂದು ದಿನ ತೆಗೆದರೆ ನಾಲ್ಕೈದು ವರ್ಷದ ಪುಸ್ತಕ ಪುಡಿಪುಡಿ. "ಗೆದ್ದಲು ತಿನ್ನದ ಪುಸ್ತಕ ಯಾವುದಾದರೂ ಇದ್ದರೆ ಅದು ಬೇಕು" ಅಂದಿದ್ದರು ಅಪ್ಪ. ನಾನು ಆಗ ಮೊದಲ ಪಿಯುಸಿ. ಕಾಲೇಜಿನ ಹತ್ತಿರ ಮೂರು ತಿಂಗಳ ಕಂಪ್ಯೂಟರ್ ಕೋರ್ಸಿಗೆ ಸೇರಿದ್ದೆ. ಹಾಗಾಗಿ ರೈಟರ್ ಕೆಲಸ ನನಗೆ ಬಂತು. ದೊಡ್ಡ ಎಸ್ಟೇಟುಗಳಲ್ಲಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯಲು ಸಂಬಳದ ರೈಟರ್ ಇರುತ್ತಾರೆ. ನಮ್ಮದು ಎಂಟು ಎಕರೆ. ಅಪ್ಪನೇ ಮೇಸ್ತ್ರಿ, ಅಪ್ಪನೇ ರೈಟರ್. ಈಗ ನಾನು.

ರಾತ್ರಿ ಊಟವಾದ ಮೇಲೆ ಅಪ್ಪ ಜೇಬಿನ ಡೈರಿ ತೆಗೆದು ಓದುತ್ತಿದ್ದರು. ನಾನು ಹೊಡೆಯುತ್ತಿದ್ದೆ. ಕರೆಂಟ್ ಹೋದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಯುಪಿಎಸ್ ಇರಲಿಲ್ಲ. ಸೇವ್ ಮಾಡಿರದಿದ್ದರೆ ಮತ್ತೆ ಮೊದಲಿಂದ. ಅಪ್ಪ ಬೇಸರ ಮಾಡಿಕೊಳ್ಳದೆ ಮತ್ತೆ ಮೊದಲ ಸಾಲಿಂದ ಓದುತ್ತಿದ್ದರು.

ಮೊದಲ ದಿನ ಅವರು ಕೇಳಿದ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ. "ಇದರಲ್ಲಿ ಎಷ್ಟು ಸಾಲು ಇರ್ತದೆ?" ನಾನು ಕಂಟ್ರೋಲ್ ಒತ್ತಿ ಕೆಳಗಿನ ಬಾಣ ಒತ್ತಿದೆ. ಪರದೆ ಒಮ್ಮೆಲೇ ಕೆಳಗೆ ಹಾರಿತು. 65,536. ಆಗಿನ ಎಕ್ಸೆಲ್ಲಿಗೆ ಅಷ್ಟೇ ಸಾಲು. ಅಪ್ಪ ಪೆನ್ಸಿಲ್ ತಗೊಂಡು ಭಾಗಿಸಿದರು. "ದಿನಕ್ಕೊಂದು ಸಾಲು ಅಂದ್ರೆ 179 ವರ್ಷ. ಸಾಕು."

ಆ ದಿನದಿಂದ 179 ವರ್ಷ ಹಿಂದಕ್ಕೆ ಎಣಿಸಿದರೆ ಕೊಡಗನ್ನು ಆಳಿದ ಹಾಲೇರಿ ರಾಜರ ಕಾಲಕ್ಕೇ ಹೋಗುತ್ತೇವೆ. ಬ್ರಿಟಿಷರು ಕೊಡಗನ್ನು ತೆಗೆದುಕೊಂಡಿದ್ದು 1834ರಲ್ಲಿ. 2007ರಲ್ಲಿ ಬಂದ ಎಕ್ಸೆಲ್ಲಿನಲ್ಲಿ ಸಾಲುಗಳು 10,48,576 ಆದವು. ಅಪ್ಪನ ಲೆಕ್ಕದಲ್ಲಿ ಅದು 2,870 ವರ್ಷ. ಇದನ್ನು ಅವರಿಗೆ ಹೇಳಿದ್ದೆನಾ ಅಂತ ಯೋಚಿಸಿದೆ. ಹೇಳಿದ ನೆನಪಿಲ್ಲ.

ಮನೆಗೆ ಬಂದು ಮೊದಲ ಫೈಲು ತೆರೆದಾಗ ತಲೆಬರಹಗಳು ಓದಲಿಕ್ಕೇ ಆಗಲಿಲ್ಲ. ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟು ಹಾಕಿದ ಎ, ಎ ಮತ್ತು ಇ ಅಂಟಿಕೊಂಡ ಒಂದು ವಿಚಿತ್ರ ಅಕ್ಷರ, ಕೊನೆಗೆ ಜ್ವರ ಅಳೆಯುವಾಗ ಹಾಕುವ ಡಿಗ್ರಿ ಗುರುತು. ಸ್ವಲ್ಪ ಹೊತ್ತು ನೋಡಿದ ಮೇಲೆ ಹೊಳೆಯಿತು. ಇದು ನುಡಿ ಅಕ್ಷರ. ಆಗ ಯೂನಿಕೋಡ್ ನಮ್ಮ ಮನೆಗಳಿಗೆ ಬಂದಿರಲಿಲ್ಲ. ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡುತ್ತಿದ್ದೆವು. ಕಂಪ್ಯೂಟರ್ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷಿನ ಗುರುತುಗಳು, ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಿದ ಫಾಂಟು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೊದಿಕೆ ಜಾರಿ ಒಳಗಿನದು ಕಾಣುತ್ತದೆ. ನುಡಿ ಫಾಂಟ್ ಹಾಕಿಕೊಂಡೆ. ಆ ಪಿ, ಎ, ಡಿಗ್ರಿ ಗುರುತು ಎಲ್ಲ ಸೇರಿ 'ಕೂಲಿ' ಅಂತಾಯಿತು. ಪಕ್ಕದಲ್ಲೇ 'ಗೊಬ್ಬರ', 'ಕಪಾತು' (ಗಿಡ ಸವರುವುದು), 'ಮರಗಸಿ' (ನೆರಳಿನ ಮರದ ಕೊಂಬೆ ಕಡಿಯುವುದು), 'ಕಳೆ', 'ಕೊಯ್ಲು'. ನನ್ನ ಹದಿನೇಳನೇ ವಯಸ್ಸಿನ ಕಾಗುಣಿತ ತಪ್ಪುಗಳೂ ಹಾಗೇ ಇದ್ದವು.

ನಿಮ್ಮ ಮನೆಯಲ್ಲೂ ಇಂಥ ಹಳೆಯ ಫೈಲುಗಳಿದ್ದರೆ ಇದನ್ನು ನೆನಪಿಡಿ. ಅಕ್ಷರ ಕೆಟ್ಟಿಲ್ಲ. ಫಾಂಟು ಕಾಣೆಯಾಗಿದೆ, ಅಷ್ಟೇ.

ಆಮೇಲೆ ಮಳೆಯ ಫೈಲು. ಅದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು.

ಕಾಫಿ ಬೆಳೆಯುವ ಪ್ರತಿ ಮನೆಯಲ್ಲೂ ಮಳೆ ಅಳೆಯುವ ಡಬ್ಬಿ ಇರುತ್ತದೆ. ಬೆಳಿಗ್ಗೆ ಎದ್ದು ಕಾಫಿ ಕುಡಿಯುವ ಮೊದಲು ಅದನ್ನು ನೋಡಿ ಬರುವುದು. ನಾವು ಈಗಲೂ ಮಿಲಿಮೀಟರ್ ಹೇಳುವುದಿಲ್ಲ. ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. ಫೆಬ್ರವರಿ, ಮಾರ್ಚಿನಲ್ಲಿ ಬರುವ ಹೂಮಳೆ ಒಂದು ಇಂಚಾದರೂ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟ ಪೂರ್ತಿ ಬಿಳಿ. ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಅದರ ಹಿಂದೆ ಎರಡನೇ ಮಳೆ, ಬಂದರೆ ಕಾಯಿ ಕಚ್ಚುತ್ತದೆ. ಹೂಮಳೆ ಅರ್ಧಂಬರ್ಧ ಬಂದರೆ ಮೊಗ್ಗು ಅರ್ಧಕ್ಕೆ ನಿಂತು ಒಣಗುತ್ತದೆ. ಸ್ಪ್ರಿಂಕ್ಲರ್ ಇಲ್ಲದ ನಮ್ಮಂಥವರಿಗೆ ಆ ಒಂದು ಮಳೆಯ ಮೇಲೇ ಇಡೀ ವರ್ಷ ನಿಂತಿರುತ್ತದೆ.

ಮೊದಲ ವಾರ ನಾನು ಒಂದು ತಪ್ಪು ಮಾಡಿದ್ದೆ. ಅಪ್ಪ "ಒಂದು ಇಂಚು ಐದು ಸೆಂಟು" ಅಂದರು. ನಾನು ಒಂದು ಚುಕ್ಕಿ ಐದು ಹೊಡೆದೆ. ಅಪ್ಪ ಪರದೆ ಹತ್ತಿರ ಬಗ್ಗಿ ನೋಡಿ, "ಐದು ಸೆಂಟು ಐವತ್ತಾಯ್ತಲ್ಲ ಪುಟ್ಟಿ" ಅಂದರು. 1.05 ಅಂತ ಹಾಕಬೇಕಿತ್ತು. ನನಗೆ ಅದು ಒಂದು ಸೊನ್ನೆ. ಅವರಿಗೆ ಅದು 45 ಸೆಂಟು ಮಳೆ. ಬೀಳದ ಮಳೆಯನ್ನು ಬರೆದುಕೊಳ್ಳಲು ಅವರ ಕೈ ಬರುತ್ತಿರಲಿಲ್ಲ.

ಈಗ ಆ ಫೈಲು ತೆರೆದರೆ 2003ರ ಹೂಮಳೆ ಮೇ ತಿಂಗಳಲ್ಲಿ ಇತ್ತು. 1.20 ಇಂಚು, ಮೇ 3. ಪಕ್ಕದಲ್ಲಿ 'ಹೂ' ಅಂತ ನಾನೇ ಬರೆದಿದ್ದೇನೆ. ಮೇ 3ಕ್ಕೆ ಯಾವ ಹೂಮಳೆ? ಅಷ್ಟೊತ್ತಿಗೆ ಕಾಯಿ ಕಚ್ಚಿರಬೇಕು. ಇನ್ನೂ ಕೆಳಗೆ ನೋಡಿದರೆ ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ಎಲ್ಲೆಲ್ಲೋ ಚೆಲ್ಲಾಪಿಲ್ಲಿ. 13ರಿಂದ ಮುಂದಿನ ದಿನಗಳು ಮಾತ್ರ ಸರಿಯಾಗಿವೆ, ಆದರೆ ಚೌಕದ ಎಡಕ್ಕೆ ಅಂಟಿಕೊಂಡು ನಿಂತಿವೆ.

ಅರ್ಧ ರಾತ್ರಿ ಅದರ ಹಿಂದೆ ಬಿದ್ದೆ. ಕಾರಣ ಸಿಕ್ಕಿತು. ಮಾವನ ಹಳೆಯ ಕಂಪ್ಯೂಟರಿನಲ್ಲಿ ತಾರೀಖು ಅಮೆರಿಕದ ಪದ್ಧತಿಯಲ್ಲಿತ್ತು. ಅಲ್ಲಿ ಮೊದಲು ತಿಂಗಳು, ಆಮೇಲೆ ದಿನ. ನಾನು ನಮ್ಮ ರೂಢಿಯಂತೆ ಮಾರ್ಚ್ 5ನ್ನು ಐದು, ಮೂರು ಅಂತ ಹೊಡೆದಿದ್ದೆ. ಅದು ಮೇ 3 ಅಂತ ತಿಳಿದುಕೊಂಡಿತು. ಪರದೆಯ ಮೇಲೆ ಆಗ ಐದು, ಮೂರು ಅಂತಲೇ ಕಾಣುತ್ತಿದ್ದರಿಂದ ನಮಗೆ ಯಾರಿಗೂ ಗೊತ್ತಾಗಲಿಲ್ಲ. 13ನೇ ತಿಂಗಳು ಅಂತ ಇಲ್ಲವಲ್ಲ. ಹಾಗಾಗಿ 13ರಿಂದ ಮುಂದಿನದನ್ನು ತಾರೀಖು ಅಂತಲೇ ತೆಗೆದುಕೊಳ್ಳದೆ ಬರೀ ಅಕ್ಷರ ಅಂತ ಎಡಕ್ಕೆ ನಿಲ್ಲಿಸಿತು. ಎಕ್ಸೆಲ್ ತಾರೀಖನ್ನು ಒಳಗೆ ಬರೀ ಒಂದು ಅಂಕಿಯಾಗಿ ಇಟ್ಟುಕೊಳ್ಳುತ್ತದೆ. 1900ರ ಜನವರಿ 1 ಅಂದರೆ 1, ಅಲ್ಲಿಂದ ದಿನಕ್ಕೊಂದರಂತೆ ಎಣಿಕೆ. 2003ರ ಮಾರ್ಚ್ 5 ಅಂದರೆ 37,685. ನಾನು ಹೊಡೆದದ್ದು ಒಳಗೆ ಹೋಗಿ 37,744 ಆಗಿ ಕೂತಿತ್ತು. ನನ್ನ ಈಗಿನ ಲ್ಯಾಪ್‌ಟಾಪಿನಲ್ಲಿ ತಾರೀಖು ನಮ್ಮ ಪದ್ಧತಿಯಲ್ಲಿದೆ. ಅದು ಒಳಗಿನ ಅಂಕಿಯನ್ನು ಓದಿ ಇದ್ದದ್ದನ್ನು ಇದ್ದ ಹಾಗೆ ತೋರಿಸಿತು.

59 ದಿನ ಆಚೆ ಹೋಗಿ ಕೂತಿದ್ದ ಹೂಮಳೆಯನ್ನು ವಾಪಸ್ ಮಾರ್ಚಿಗೆ ತಂದೆ. ಹೀಗೆ ಒಂದೊಂದೇ ಸಾಲು ಸರಿ ಮಾಡಲು ನಾಲ್ಕು ರಾತ್ರಿ ಬೇಕಾಯಿತು. ಇದನ್ನು ಒಂದು ಸೂತ್ರ ಬರೆದು ನಿಮಿಷದಲ್ಲಿ ಮುಗಿಸಬಹುದು. ನನಗೆ ಒಂದೊಂದು ಮಳೆಯನ್ನೂ ನೋಡಬೇಕಿತ್ತು. ಜುಲೈ ತಿಂಗಳ ಒಂದು ದಿನದ ಎದುರು 'ಹೊಳೆ ಸೇತುವೆ ಮೇಲೆ' ಅಂತ ಇದೆ. ಏಪ್ರಿಲ್ ಒಂದರಲ್ಲಿ 'ಆಲಿಕಲ್ಲು, ಬಾಳೆ ಹೋಯ್ತು' ಅಂತ ಇದೆ. ಅದನ್ನೆಲ್ಲ ನಾನೇ ಹೊಡೆದಿದ್ದೇನೆ. ಒಂದೂ ನೆನಪಿರಲಿಲ್ಲ.

ಇದು ನನ್ನನ್ನು ಬಹಳ ಕಾಡಿದ ವಿಷಯ. ಆ ಎರಡೂವರೆ ವರ್ಷ ನಾನು ಹೊಡೆದೆ, ಓದಲಿಲ್ಲ. ಅಪ್ಪ ಹೇಳಿದ ಅಂಕಿ ಕಿವಿಯಿಂದ ಬೆರಳಿಗೆ ಹೋಗುತ್ತಿತ್ತು. ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ.

ಆ ವರ್ಷಗಳು ಎಂಥವು ಅಂತ ಕೊಡಗಿನವರಿಗೆ ಗೊತ್ತು. ಮೊದಲು ಬೆಳೆದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗುತ್ತಿತ್ತು. ಎಲ್ಲರ ಕಾಫಿ ಒಟ್ಟಿಗೆ ಸೇರಿಸಿ ಬೋರ್ಡೇ ಮಾರುತ್ತಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಹಂತ ಹಂತವಾಗಿ ಪೂಲ್ ತೆಗೆದರು. ಬೆಳೆಗಾರರು ನೇರವಾಗಿ ಮಾರಲು ಶುರು ಮಾಡಿದರು. ಕೆಲವು ವರ್ಷ ಒಳ್ಳೇ ಬೆಲೆ ಬಂತು. ಜನ ಮನೆ ಕಟ್ಟಿದರು, ಜೀಪು ತಗೊಂಡರು. ಅಷ್ಟರಲ್ಲಿ ವಿಯೆಟ್ನಾಂ ರೊಬಸ್ಟಾ ಜಾತಿಯ ಕಾಫಿ ಬೆಳೆಯುವುದರಲ್ಲಿ ಎಲ್ಲರನ್ನೂ ಹಿಂದೆ ಹಾಕಿತು. ಜಗತ್ತಿನಲ್ಲಿ ಕಾಫಿ ತುಂಬಿತು. 2001, 2002ರಲ್ಲಿ ಬೆಲೆ ಪಾತಾಳಕ್ಕೆ ಹೋಯಿತು. ಕೊಯ್ದರೆ ಕೂಲಿ ಗಿಟ್ಟುವುದಿಲ್ಲ, ಕೊಯ್ಯದಿದ್ದರೆ ಗಿಡದಲ್ಲೇ ಕಾಯಿ ಕೊರಕ ಹುಳ ಬೆಳೆದು ಮುಂದಿನ ಬೆಳೆಯೂ ಹೋಗುತ್ತದೆ. ಆ ಕಾಲ.

ನನಗೆ ಆಗ ಮನೆಯಲ್ಲಿ ಕಷ್ಟ ಇದೆ ಅಂತ ಗೊತ್ತಿತ್ತು. ಎಷ್ಟು ಅಂತ ಗೊತ್ತಿರಲಿಲ್ಲ. ಈಗ ಫೈಲಿನಲ್ಲಿ ನೋಡಿದೆ. 2002ರ ಮೇ ತಿಂಗಳ ಆದಾಯದಲ್ಲಿ ಒಂದೇ ಸಾಲು: 'ಇತರೆ, ಓಕ್ 14 ಮರ'. ಅದೇ ತಿಂಗಳ ಖರ್ಚಿನಲ್ಲಿ ಕೊನೆಯ ಸಾಲು: 'ಪುಟ್ಟಿ ಕಾಲೇಜು'. ಎರಡರ ನಡುವೆ ಉಳಿದದ್ದು 310 ರೂಪಾಯಿ. ಆ ಎರಡೂ ಸಾಲನ್ನು ನಾನೇ ಹೊಡೆದಿದ್ದೇನೆ. ಆ ಸಿಲ್ವರ್ ಓಕ್ ಮರಗಳು ರಸ್ತೆ ಬದಿಯಲ್ಲಿದ್ದವು. ಅವುಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಗಳು ಆ ವರ್ಷವಷ್ಟೇ ಫಸಲು ಕೊಡಲು ಶುರು ಮಾಡಿದ್ದವು. ಮರ ಹೋದಾಗ ಬಳ್ಳಿಯೂ ಹೋಯಿತು. ಮುಂದಿನ ವರ್ಷದ ಮೆಣಸಿನ ಅಂಕಣದಲ್ಲಿ ಅದು ಕಾಣುತ್ತದೆ.

ಚೆಕ್‌ರೋಲಿನಲ್ಲೂ ಹಾಗೇ. ಒಬ್ಬರ ಹೆಸರಿನ ಮುಂದೆ ಎರಡು ವರ್ಷ ಪ್ರತಿ ದಿನ ಅರ್ಧ, ಅರ್ಧ, ಅರ್ಧ. ಉಳಿದವರಿಗೆಲ್ಲ ಒಂದು. ಅಮ್ಮನನ್ನು ಕೇಳಿದೆ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದವರು ಅವರು. ಸೊಂಟ ಸರಿಯಾಗಲಿಲ್ಲ. ಕಣದಲ್ಲಿ ಕೂತು ಕಾಫಿಗೆ ಕೋಳಿ, ದನ ಬರದ ಹಾಗೆ ನೋಡಿಕೊಳ್ಳುತ್ತಿದ್ದರು. "ಕಾಫಿ ಇಲ್ಲದ ತಿಂಗಳು ಕಣದಲ್ಲಿ ಏನು ನೋಡ್ತಿದ್ರು?" ಅಂದೆ. "ಕಣನೇ ನೋಡ್ತಿದ್ರು" ಅಂದರು ಅಮ್ಮ.

2004ರ ಜುಲೈನಲ್ಲಿ ನಾನು ಡಿಗ್ರಿಗೆ ಮೈಸೂರಿಗೆ ಹೋದೆ. ಹಾಸ್ಟೆಲ್. ಆಮೇಲೆ ಬೆಂಗಳೂರು, ಕೆಲಸ. 2009ರಲ್ಲಿ ನನ್ನ ಸಂಬಳದಲ್ಲಿ ಅಪ್ಪನಿಗೆ ಹೊಸ ಕಂಪ್ಯೂಟರ್ ಕೊಡಿಸಿದೆ. ಈಗ ಮೂಲೆಯಲ್ಲಿರುವುದು ಅದೇ. ಹಳೆಯ ಫೈಲುಗಳನ್ನೆಲ್ಲ ಅದಕ್ಕೆ ಹಾಕಿಕೊಟ್ಟೆ. ಅವನ್ನು ತೆರೆದು ನೋಡಲಿಲ್ಲ. ಅಪ್ಪ ಲೆಕ್ಕ ಬರೆಯುತ್ತಿದ್ದಾರೆ ಅನ್ನೋದು ಗೊತ್ತಿತ್ತು. ಹೇಗೆ ಬರೆಯುತ್ತಿದ್ದಾರೆ ಅಂತ ಕೇಳಲಿಲ್ಲ.

ಅದು ಈಗ ಗೊತ್ತಾಯಿತು. ಸುಮ್ನೆ ಒಂದು ಮೊತ್ತದ ಮೇಲೆ ಕ್ಲಿಕ್ ಮಾಡಿದಾಗ.

ಎಕ್ಸೆಲ್ಲಿನಲ್ಲಿ ಮೊತ್ತದ ಚೌಕದ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಪಟ್ಟಿಯಲ್ಲಿ ಅದು ಬಂದ ದಾರಿ ಕಾಣುತ್ತದೆ. ಸಮ ಚಿಹ್ನೆ, ಸಮ್ ಅನ್ನುವ ಪದ, ಎಲ್ಲಿಂದ ಎಲ್ಲಿಯವರೆಗೆ ಕೂಡಬೇಕು ಅನ್ನೋದು. 2004ರ ಜೂನ್‌ವರೆಗಿನ ಎಲ್ಲ ಹಾಳೆಯಲ್ಲೂ ಹಾಗೇ ಇದೆ. ಜುಲೈ ಹಾಳೆಯಲ್ಲಿ ಕ್ಲಿಕ್ ಮಾಡಿದೆ. ಮೇಲೆ ಬರೀ ಅಂಕಿ. ಸಮ ಚಿಹ್ನೆ ಇಲ್ಲ. ಆಗಸ್ಟ್, ಬರೀ ಅಂಕಿ. ಸೆಪ್ಟೆಂಬರ್, ಬರೀ ಅಂಕಿ. 2005, 2010, 2015. 2018ರ ಡಿಸೆಂಬರ್‌ವರೆಗೆ ಬರೀ ಅಂಕಿ.

ನಾನು ಮನೆ ಬಿಟ್ಟ ತಿಂಗಳು ಆ ಫೈಲಿನಲ್ಲಿ ಹಾಗೆ ಗುರುತಾಗಿದೆ.

ಪ್ರತಿ ತಿಂಗಳಿಗೆ ಹೊಸ ಹಾಳೆ ಮಾಡುವುದು, ಅದರ ತಳದಲ್ಲಿ ಸೂತ್ರ ಹಾಕುವುದು ನನ್ನ ಕೆಲಸವಾಗಿತ್ತು. ಅದನ್ನು ಅಪ್ಪನಿಗೆ ಹೇಳಿಕೊಡದೆ ಹೋದೆ. ಅವರು ಏನು ಮಾಡಿದರು ಅಂದರೆ, ಕ್ಯಾಲ್ಕುಲೇಟರಿನಲ್ಲಿ ಎಲ್ಲ ಕೂಡಿ, ಬಂದದ್ದನ್ನು ತಳದಲ್ಲಿ ಹೊಡೆದರು. 174 ತಿಂಗಳು. ತಿಂಗಳಿಗೆ ಮೂವತ್ತು ಸಾಲು, ಏಳೆಂಟು ಅಂಕಣ.

ಇಂಥ ಹಾಳೆಯ ಯೋಚನೆ ಮೊದಲು ಬಂದದ್ದೇ ಈ ಕಷ್ಟ ತಪ್ಪಿಸಲಿಕ್ಕೆ. 1978ರಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ತರಗತಿಯಲ್ಲಿ ಕೂತಿದ್ದಾಗ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕದ ಕೋಷ್ಟಕ ಬರೆಯುತ್ತಿದ್ದರು. ಒಂದು ಅಂಕಿ ತಿದ್ದಿದರೆ ಉಳಿದ ಎಷ್ಟೋ ಅಂಕಿಗಳನ್ನು ಅಳಿಸಿ ಬರೆಯಬೇಕಿತ್ತು. ತಾನೇ ತಿದ್ದಿಕೊಳ್ಳುವ ಬೋರ್ಡ್ ಇದ್ದರೆ ಅನ್ನುವ ಆಸೆಯಿಂದ ಅವರು, ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ವಿಸಿಕ್ಯಾಲ್ಕ್ ಮಾಡಿದರು. ಅದು ಹೊರಬಂದಿದ್ದು 1979ರಲ್ಲಿ. ಲೋಟಸ್, ಎಕ್ಸೆಲ್ ಎಲ್ಲ ಅದರ ಹಿಂದೆ ಬಂದವು. 1979ರಲ್ಲಿ ತಪ್ಪಿಸಿದ ಕಷ್ಟವನ್ನು ನಮ್ಮಪ್ಪ 2018ರವರೆಗೆ ಪಟ್ಟರು. ಅದೂ ಕಂಪ್ಯೂಟರಿನ ಮುಂದೆಯೇ ಕೂತು.

ಎರಡು ದಿನ ನನಗೆ ಊಟ ಸೇರಲಿಲ್ಲ. ಒಂದು ಗುಂಡಿ ಒತ್ತುವುದನ್ನು ಹೇಳಿಕೊಡಲು ಎಷ್ಟು ಹೊತ್ತು ಬೇಕಿತ್ತು? ರಜೆಗೆ ಎಷ್ಟು ಸಲ ಬಂದಿಲ್ಲ? ಹುತ್ತರಿಗೆ ಬಂದಿದ್ದೇನೆ, ದೀಪಾವಳಿಗೆ ಬಂದಿದ್ದೇನೆ, ಬೇಸಿಗೆಗೆ ಬಂದಿದ್ದೇನೆ. ಅದೇ ಕಂಪ್ಯೂಟರಿನಲ್ಲಿ ಹಾಡು ಕೇಳಿದ್ದೇನೆ.

ಅಮ್ಮನ ಹತ್ತಿರ ಹೇಳಿಕೊಂಡೆ. ಅಮ್ಮ ಹೇಳಿದ್ದು ಇಷ್ಟು. ಮೊದಮೊದಲು ಅಪ್ಪ ಕೇಳಬೇಕು ಅಂತಿದ್ದರಂತೆ. ಭಾನುವಾರ ಹಾಸ್ಟೆಲ್‌ನಿಂದ ಫೋನ್ ಬಂದಾಗ ಕೇಳುತ್ತೇನೆ ಅಂತ ಡೈರಿಯಲ್ಲಿ ಬರೆದೂ ಇಟ್ಟಿದ್ದರಂತೆ. ಆಮೇಲೆ ಅವಳಿಗೆ ಪರೀಕ್ಷೆ, ಬೇಡ ಅಂತ ಬಿಟ್ಟರು. "ಆಮೇಲಾಮೇಲೆ ಅದೇ ಇಷ್ಟವಾಯ್ತು ಅವರಿಗೆ" ಅಂದರು ಅಮ್ಮ. "ಒಂದ್ಸಲ ಪಕ್ಕದ ತೋಟದ ಹುಡುಗ ಬಂದು ಕಲಿಸ್ತೀನಿ ಅಂದ. ಬೇಡ ಅಂದ್ರು. ಅದೇ ಕೂಡಿದ್ರೆ ಮೊತ್ತ ಮಾತ್ರ ಗೊತ್ತಾಗೋದು, ನಾನು ಕೂಡಿದ್ರೆ ದುಡ್ಡು ಎಲ್ಲಿ ಹೋಯ್ತು ಅಂತ ಗೊತ್ತಾಗ್ತದೆ ಅಂದ್ರು."

ಅಮ್ಮ ನನ್ನ ಸಮಾಧಾನಕ್ಕೆ ಹೇಳಿದರಾ, ನಿಜವಾಗಿ ಹಾಗೇ ನಡೆಯಿತಾ ಅಂತ ನಾನು ಮತ್ತೆ ಕೇಳಲಿಲ್ಲ. ಎರಡೂ ಆಗಿರಬಹುದು. ಮೊದಲು ಬೇರೆ ದಾರಿ ಇಲ್ಲದೆ ಮಾಡಿದ್ದು ಆಮೇಲೆ ಅವರದ್ದೇ ದಾರಿಯಾಗಿರಬಹುದು. ನಾನು ಓದದೆ ಹೊಡೆದ ಎರಡೂವರೆ ವರ್ಷವನ್ನು ನೆನೆದರೆ ಅಪ್ಪನ ಮಾತು ಸರಿ ಅನ್ನಿಸುತ್ತದೆ. ನನ್ನ ಹಾಳೆಗಳಲ್ಲಿ ಸೂತ್ರ ಕೂಡಿತು. ಆ ದುಡ್ಡು ಎಲ್ಲಿ ಹೋಯಿತು ಅಂತ ನನಗೆ ಇಪ್ಪತ್ತು ವರ್ಷ ಗೊತ್ತಾಗಲಿಲ್ಲ.

ಅವರ ಮೊತ್ತಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದೆ. ಪಕ್ಕದ ಖಾಲಿ ಅಂಕಣದಲ್ಲಿ ಸೂತ್ರ ಹಾಕಿ ಹೋಲಿಸಿದೆ. 174 ತಿಂಗಳಲ್ಲಿ ಮೂರು ಕಡೆ ಮಾತ್ರ ವ್ಯತ್ಯಾಸ. ಒಂದು 40 ರೂಪಾಯಿ, ಒಂದು 9, ಒಂದು 100. ಮೂರಕ್ಕೂ ಮುಂದಿನ ತಿಂಗಳ ಮೊದಲ ಸಾಲಿನಲ್ಲಿ ಅಪ್ಪನೇ ಬರೆದಿದ್ದಾರೆ, 'ಹಿಂದಿನ ತಿಂಗಳು ಕೂಡಿದ್ದು ತಪ್ಪು' ಅಂತ. ಹಿಂದಕ್ಕೆ ಹೋಗಿ ತಿದ್ದಿಲ್ಲ. ತಪ್ಪನ್ನು ಹಾಗೇ ಬಿಟ್ಟು, ಮುಂದೆ ಸರಿ ಮಾಡಿಕೊಂಡಿದ್ದಾರೆ. ಪುಸ್ತಕದಲ್ಲಿ ಲೆಕ್ಕ ಬರೆದು ಬೆಳೆದವರು. ಬರೆದದ್ದನ್ನು ಅಳಿಸುವುದು ಅವರಿಗೆ ಗೊತ್ತಿರಲಿಲ್ಲ.

ಪರೀಕ್ಷೆಗೆ ಹಾಕಿದ ಸೂತ್ರಗಳನ್ನೆಲ್ಲ ಅಳಿಸಿದೆ. ಅವರ ಅಂಕಿ ಹಾಗೇ ಇರಲಿ.

ಮಳೆಯ ಫೈಲಿನಲ್ಲಿ ಅಪ್ಪ ಅಂಕಿ ಹಾಕದ ದಿನಗಳು ಬಹಳ ಕಡಿಮೆ. ಮಳೆ ಇಲ್ಲದ ದಿನಕ್ಕೂ ಸೊನ್ನೆ ಹಾಕಿದ್ದಾರೆ. ಜ್ವರ ಬಂದಾಗ ಅಮ್ಮನನ್ನು ಕಳಿಸಿ ಡಬ್ಬಿ ನೋಡಿಸಿದ್ದಾರೆ. ಬಿಟ್ಟಿರುವುದು 2018ರ ಆಗಸ್ಟ್‌ನಲ್ಲಿ. ಆ ತಿಂಗಳ ನಡುವೆ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆ ಗುಡ್ಡಗಳು ಜಾರಿದವು. ಮಾದಾಪುರದಿಂದ ಮಡಿಕೇರಿಗೆ ಹೋಗುವ ರಸ್ತೆ ಕಿತ್ತುಹೋಯಿತು. ಮನೆ, ತೋಟ, ಗದ್ದೆ ಎಲ್ಲ ಮಣ್ಣಿನ ಜೊತೆ ಹೋದವು. ಜನ ಉಟ್ಟ ಬಟ್ಟೆಯಲ್ಲಿ ನಿರಾಶ್ರಿತರ ಕೇಂದ್ರಕ್ಕೆ ಬಂದರು. ನಾನು ಬೆಂಗಳೂರಿನಲ್ಲಿ ಫೋನ್ ಹಿಡಿದು ಕೂತಿದ್ದೆ. ನಾಲ್ಕು ದಿನ ಮನೆಗೆ ಫೋನ್ ಹೋಗಲಿಲ್ಲ.

ಆ ನಾಲ್ಕು ದಿನದ ಎದುರು ಅಪ್ಪ ಅಂಕಿಯ ಜಾಗದಲ್ಲಿ 'ಅಳೆಯಲಿಲ್ಲ' ಅಂತ ಬರೆದಿದ್ದಾರೆ. ನಾಲ್ಕು ಸಲ, ನಾಲ್ಕು ಚೌಕದಲ್ಲಿ. ಡಬ್ಬಿ ಅಂಗಳದಲ್ಲೇ ಇತ್ತು. ಅಮ್ಮ ಹೇಳುವ ಪ್ರಕಾರ ಅಪ್ಪ ಬೆಳಿಗ್ಗೆ ಅದರ ಹತ್ತಿರ ಹೋಗಿ ನಿಂತು ವಾಪಸ್ ಬರುತ್ತಿದ್ದರು. ಸಮ್ ಸೂತ್ರ ಅಕ್ಷರಗಳನ್ನು ಬಿಟ್ಟು ಅಂಕಿಗಳನ್ನು ಮಾತ್ರ ಕೂಡುತ್ತದೆ. ಹಾಗಾಗಿ ಆ ವರ್ಷದ ಮಳೆಯ ಮೊತ್ತ ನನಗೆ ಬರುತ್ತದೆ, ಆದರೆ ಅದು ಆ ವರ್ಷದ ಮಳೆಯಲ್ಲ. ಬೇರೆ ತೋಟದವರ ಲೆಕ್ಕ ತಂದು ತುಂಬಿಸಬಹುದಿತ್ತು. ತುಂಬಿಸಿಲ್ಲ.

ಇನ್ನೊಂದು ಹಾಳೆ ಇದೆ. ವರ್ಷದ ಹಾಳೆ. ಇದು ಅಪ್ಪನದ್ದೇ ಯೋಚನೆ, ನಾನು ಮಾಡಿಕೊಟ್ಟದ್ದು. ಮೂರೇ ಅಂಕಣ. ಒಂದು ಚೀಲ ರೊಬಸ್ಟಾ ಚೆರಿಗೆ ಸಿಕ್ಕ ಬೆಲೆ. ಚೆರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಚೀಲ ಅಂದರೆ 50 ಕೆಜಿ. ಎರಡನೆಯದು ದಿನಗೂಲಿ. ಮೂರನೆಯದು ಒಂದನ್ನು ಎರಡರಿಂದ ಭಾಗಿಸಿದ್ದು. ಒಂದು ಚೀಲ ಕಾಫಿಗೆ ಎಷ್ಟು ಆಳು ಅಂತ. "ರೂಪಾಯಿ ನೋಡಿದ್ರೆ ಮೋಸ ಹೋಗ್ತೀವಿ" ಅನ್ನುತ್ತಿದ್ದರು. "ರೂಪಾಯಿ ಬೆಲೆಯೇ ಬದಲಾಗ್ತಿರ್ತದೆ. ಆಳು ನೋಡು." 2002ರ ಸಾಲಿನಲ್ಲಿ ಆ ಅಂಕಣದಲ್ಲಿ 9 ಇದೆ. ಒಂಬತ್ತು ಆಳಿನ ಕೂಲಿಗೆ ಒಂದು ಚೀಲ ಕಾಫಿ ಸಮ. ಆ ಒಂದು ಚೀಲಕ್ಕೆ ಕಪಾತು, ಕಳೆ, ಗೊಬ್ಬರ, ಕೊಯ್ಲು, ಒಣಗಿಸುವುದು ಎಲ್ಲ ಆ ಒಂಬತ್ತರೊಳಗೆ ಮುಗಿಯಬೇಕು.

ಮೈಸೂರಿಗೆ ಹೋಗುವ ಹಿಂದಿನ ರಾತ್ರಿ ಈ ಒಂದು ಹಾಳೆಯಲ್ಲಿ ಮಾತ್ರ ನಾನು ಸೂತ್ರವನ್ನು ಕೆಳಗೆ ಎಳೆದಿಟ್ಟಿದ್ದೆ. 2025ರವರೆಗೆ. ಯಾಕೆ 2025 ಅಂತ ಗೊತ್ತಿಲ್ಲ. ಪರದೆ ಅಲ್ಲಿಗೆ ಮುಗಿದಿರಬೇಕು. ಹಾಗಾಗಿ ಈ ಹಾಳೆಯಲ್ಲಿ ಅಪ್ಪ ಬೆಲೆ, ಕೂಲಿ ಎರಡು ಹಾಕಿದರೆ ಸಾಕಿತ್ತು, ಮೂರನೆಯದು ತಾನೇ ಬರುತ್ತಿತ್ತು. 2018ರವರೆಗೆ ಹಾಕಿದ್ದಾರೆ. 2019ರಿಂದ ಕೆಳಗೆ ಕೂಲಿಯ ಚೌಕ ಖಾಲಿ. ಖಾಲಿ ಅಂದರೆ ಎಕ್ಸೆಲ್ಲಿಗೆ ಸೊನ್ನೆ. ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲ ಅನ್ನುವ ಎಚ್ಚರಿಕೆ ಏಳು ಸಾಲು ಒಂದರ ಕೆಳಗೊಂದು.

ನಿನ್ನೆ ರಾತ್ರಿ ಅಲ್ಲಿ ಕೂತು ತುಂಬಿಸಿದೆ. ನನ್ನ ಮೊಬೈಲಿನಲ್ಲಿದ್ದ ಲೆಕ್ಕ ನೋಡಿ ಒಂದೊಂದೇ ವರ್ಷ. 2024ಕ್ಕೆ ಬಂದೆ. ಆ ವರ್ಷ ರೊಬಸ್ಟಾ ಚೆರಿ ಚೀಲಕ್ಕೆ ಹತ್ತು ಸಾವಿರ ಮುಟ್ಟಿತು. ಅಲ್ಲಿಯವರೆಗೆ ನಮ್ಮ ಕಡೆ ಯಾರೂ ಕಂಡಿರದ ಬೆಲೆ. ಬೆಲೆಯ ಚೌಕದಲ್ಲಿ 10,000 ಹೊಡೆದೆ. ನಾವು ಕೊಟ್ಟ ಕೂಲಿ 480. ಎಂಟರ್ ಒತ್ತಿದ ತಕ್ಷಣ ಎಚ್ಚರಿಕೆ ಹೋಗಿ 20.83 ಅಂತ ಬಂತು. ಇಪ್ಪತ್ತು ವರ್ಷದ ಹಿಂದೆ ಎಳೆದಿಟ್ಟ ಸೂತ್ರ.

ಅಮ್ಮ ಅಡಿಗೆಮನೆ ದೀಪ ಆರಿಸಿ ಬಂದು ಪಕ್ಕದಲ್ಲಿ ಕೂತರು.

"ಎಷ್ಟು ಬಂತು?"

"ಇಪ್ಪತ್ತೊಂದು ಆಳು ಅಂದ್ಕೊಳ್ಳಿ."

"ಆಗ ಎಷ್ಟಿತ್ತು?"

"ಒಂಬತ್ತು."

ಅಮ್ಮ ಸ್ವಲ್ಪ ಹೊತ್ತು ಪರದೆ ನೋಡಿದರು. ಕನ್ನಡಕ ಇರಲಿಲ್ಲ, ಕಾಣಿಸುತ್ತಿತ್ತೋ ಇಲ್ಲವೋ. "ಆ ಒಂಬತ್ತು ಜನ ಆಗ ಬೆಳಿಗ್ಗೆ ಏಳೂವರೆಗೆ ಅಂಗಳದಲ್ಲಿ ನಿಂತಿರೋರು" ಅಂದರು. "ಈಗ ಇಪ್ಪತ್ತೊಂದು ಆಳಿಗೆ ದುಡ್ಡಿದೆ. ನಾಳೆ ಕಳೆ ಕೊಚ್ಚೋಕೆ ಎಷ್ಟು ಜನ ಬರ್ತಾರೆ ಕೇಳು."

ಮೇಸ್ತ್ರಿಗೆ ಫೋನ್ ಮಾಡಿದೆ. ಇಬ್ಬರು ಅಂದರು. ಮಳೆ ಬಿಟ್ಟರೆ.